ನೆಲ ನೋಡಲು ಬಂದವರು

2021ರ ಜೂನ್ ತಿಂಗಳ ಒಂದು ರಾತ್ರಿ ನಾಲ್ಕು ಇಂಚಿಗೂ ಮಿಕ್ಕಿ ಮಳೆ ಸುರಿಯಿತು. ಮರುದಿನ ಬೆಳಿಗ್ಗೆ ದಿಣ್ಣೆಯಿಂದ ಇಳಿದು ಹೋಗಿ ನೋಡಿದರೆ, ಹಿಂದಿನ ವಾರ ಮೊಣಕಾಲುದ್ದವಿದ್ದ ಕೊರಕಲಿನಲ್ಲಿ ಈಗ ಸೊಂಟದವರೆಗೆ ಇಳಿದು ನಿಲ್ಲಬಹುದಾಗಿತ್ತು. ಅದರ ಎರಡೂ ಪಕ್ಕಗಳು ಹಾರೆಯಿಂದ ಕಡಿದ ಹಾಗೆ ನೇರವಾಗಿದ್ದವು. ಮೇಲೆ ಅಂಗೈ ಅಗಲದ ಗಾಢ ಕಂದು ಮಣ್ಣು, ಅದರ ಕೆಳಗೆ ಹಳದಿ ಛಾಯೆಯ ಜಿಗುಟು ಮಣ್ಣು, ತಳದಲ್ಲಿ ನೀರು ತೊಳೆದಿಟ್ಟ ಸುಣ್ಣಕಲ್ಲಿನ ಚೂರುಗಳು. ಅಂಚಿನಲ್ಲಿ ನಾಲ್ಕಾರು ಮೆಕ್ಕೆಜೋಳದ ಪೈರುಗಳು ಬೇರು ಕಾಣಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದವು. ಕೆಳಗಿನ ತೊರೆಯತ್ತ ನೋಡಿದೆ. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅದು ನಮ್ಮ ಹೊಲದ ಬಣ್ಣವೆಂಬುದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ನಾವು ಇರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದಲ್ಲಿ, ಮಿಸಿಸಿಪ್ಪಿ ನದಿಗೆ ಹತ್ತಿರದ ಒಂದು ಹಳ್ಳಿಗಾಡಿನ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಭಾಗದಲ್ಲಿ. ಹಿಮಯುಗದ ಹಿಮರಾಶಿ ಸುತ್ತಲಿನ ನೆಲವನ್ನೆಲ್ಲ ಸವರಿಕೊಂಡು ಹೋದರೂ ಈ ಒಂದು ತುಂಡನ್ನು ಮುಟ್ಟಲಿಲ್ಲವಾದ್ದರಿಂದ ಇಲ್ಲಿ ಕಡಿದಾದ ಕಣಿವೆಗಳೂ ಉದ್ದನೆಯ ದಿಣ್ಣೆಗಳೂ ಹಾಗೆಯೇ ಉಳಿದುಕೊಂಡಿವೆ. ಡ್ರಿಫ್ಟ್‌ಲೆಸ್ ಪ್ರದೇಶ ಎಂದು ಇದನ್ನು ಕರೆಯುತ್ತಾರೆ. ದಿಣ್ಣೆಗಳ ಮೇಲಿರುವುದು ಸಾವಿರಾರು ವರ್ಷಗಳ ಹಿಂದೆ ಗಾಳಿ ಹೊತ್ತು ತಂದು ಹಾಸಿದ, ಹಿಟ್ಟಿನಷ್ಟು ನಯವಾದ ಗೋಡು. ಬೆಳೆಗೆ ಅದು ಬಂಗಾರ, ಇಳಿಜಾರಿನಲ್ಲಿ ಹರಿಯುವ ನೀರಿನೆದುರು ಮಾತ್ರ ಸಕ್ಕರೆಯಂತೆ ಕರಗಿಹೋಗುತ್ತದೆ. ಲಾ ಕ್ರಾಸ್ ಪಟ್ಟಣದಲ್ಲಿ ಉದ್ಯೋಗ ಮಾಡಿಕೊಂಡಿದ್ದ ನಾನು ಮತ್ತು ನನ್ನ ಯಜಮಾನರು ಹಿಂದಿನ ಶರತ್ಕಾಲದಲ್ಲಿ ಇಂಥ ಒಂದು ದಿಣ್ಣೆಯ ಮೇಲೆ ಐವತ್ತೆಂಟು ಎಕರೆ ಕೊಂಡಿದ್ದೆವು. ಅದರಲ್ಲಿ ಅರ್ಧದಷ್ಟು ಉಳುವ ನೆಲ, ಉಳಿದದ್ದು ಕಾಡು ಮತ್ತು ಹುಲ್ಲುಗಾವಲು. ಮೊದಲ ವರ್ಷ ಉಳುವ ನೆಲವನ್ನು ಪಕ್ಕದ ಹೈನುಗಾರರಿಗೆ ಗುತ್ತಿಗೆಗೆ ಕೊಟ್ಟಿದ್ದೆವು.

ಕೊರಕಲು ಕಂಡ ದಿನ ಸಂಜೆ ನಾನು ಮಾಡಿದ ಕೆಲಸವೆಂದರೆ, ಸರ್ಕಾರದ ನೆರವು ಏನೇನಿದೆ ಎಂದು ಹುಡುಕುತ್ತ ಕುಳಿತದ್ದು. ಯೋಜನೆಗಳು ಹತ್ತಾರು, ಹೆಸರುಗಳೆಲ್ಲ ಅಕ್ಷರಗುಚ್ಛಗಳು. ಈಕ್ವಿಪ್, ಸಿಎಸ್‌ಪಿ, ಸಿಆರ್‌ಪಿ, ಏಸೆಪ್. ಪ್ರತಿಯೊಂದಕ್ಕೂ ತನ್ನದೇ ಅರ್ಹತೆ, ತನ್ನದೇ ಗಡುವು. ಅವುಗಳಲ್ಲಿ ನಮ್ಮದು ಯಾವುದೆಂದು ಆರಿಸಿಕೊಂಡ ಮೇಲೆಯೇ ಕಚೇರಿಗೆ ಹೋಗಬೇಕು ಎಂದುಕೊಂಡು ಮೂರು ವಾರ ಕಳೆದೆ. ಆ ಮೂರು ವಾರದಲ್ಲಿ ಇನ್ನೆರಡು ಮಳೆ ಬಂದವು.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ನಮ್ಮೂರಿನಲ್ಲಿ ಅಪ್ಪ ಇಂದಿಗೂ ರಾಗಿ ಬೆಳೆಯುತ್ತಾರೆ. ಕೊರಕಲಿನ ಚಿತ್ರವನ್ನು ಕಳಿಸಿದಾಗ ಅವರು ಫೋನು ಮಾಡಿ ಕೇಳಿದ್ದು ಒಂದೇ ಮಾತು: “ನೀರು ಎಲ್ಲಿಂದ ಬತ್ತದೆ ಅಂತ ನೋಡ್ದಾ? ಕೊರಕ್ಲು ನೋಡ್ಕಂಡು ನಿಂತ್ಕಂಡ್ರೆ ಆಗಕಿಲ್ಲ ಕಣವ್ವ, ಮೇಲಕ್ಕೆ ಹತ್ತಿ ನೋಡು.” ನಮ್ಮ ಹೊಲಗಳಿಗೆ ಕಂದಕ ಬದು ಹಾಕಿಸಲು ಜಲಾನಯನ ಇಲಾಖೆಯವರು ಬಂದಾಗ ಅವರ ಜೊತೆ ಹಗ್ಗ ಹಿಡಿದು ಓಡಾಡಿದವರು ಅವರು. ನಾನು ಯೋಜನೆಯ ಹೆಸರುಗಳನ್ನು ಒಂದೊಂದಾಗಿ ವಿವರಿಸತೊಡಗಿದರೆ, ಅದೆಲ್ಲ ಆಫೀಸಿನವರು ನೋಡಿಕೊಳ್ಳುತ್ತಾರೆ, ನೀನು ಹೋಗಿ ಮಾತಾಡು ಎಂದರು.

ಪಕ್ಕದ ಹೈನುಗಾರರು ಹೇಳಿದ್ದೂ ಅದನ್ನೇ. ಕೌಂಟಿ ಕೇಂದ್ರದಲ್ಲಿ ಕೃಷಿ ಇಲಾಖೆಯ ಸೇವಾ ಕೇಂದ್ರವಿದೆ. ದೇಶದಾದ್ಯಂತ ಇಂಥವು ಎರಡು ಸಾವಿರಕ್ಕೂ ಹೆಚ್ಚು. ಸಾಮಾನ್ಯವಾಗಿ ಒಂದೇ ಸೂರಿನಡಿ ಎರಡು ಸಂಸ್ಥೆಗಳು ಕುಳಿತಿರುತ್ತವೆ, ಮತ್ತು ಹೊಸಬರಿಗೆ ಗೊಂದಲವಾಗುವುದು ಇಲ್ಲಿಯೇ. ಫಾರ್ಮ್ ಸರ್ವಿಸ್ ಏಜೆನ್ಸಿ, ಅಂದರೆ ಎಫ್‌ಎಸ್‌ಎ, ದಾಖಲೆ, ಸಾಲ, ಬೆಳೆನಷ್ಟ ಪರಿಹಾರ ಇವುಗಳನ್ನು ನೋಡಿಕೊಳ್ಳುತ್ತದೆ. ನ್ಯಾಚುರಲ್ ರಿಸೋರ್ಸಸ್ ಕನ್ಸರ್ವೇಶನ್ ಸರ್ವಿಸ್, ಎಲ್ಲರ ಬಾಯಲ್ಲಿ ಎನ್‌ಆರ್‌ಸಿಎಸ್, ಮಣ್ಣು ಮತ್ತು ನೀರಿನ ಕೆಲಸಕ್ಕೆ. ಮಣ್ಣಿನ ತೊಂದರೆ ಹಿಡಿದುಕೊಂಡು ಹೋದವರೂ ಮೊದಲು ನಿಲ್ಲಬೇಕಾದದ್ದು ಎಫ್‌ಎಸ್‌ಎ ಮೇಜಿನ ಮುಂದೆ, ಏಕೆಂದರೆ ಅಲ್ಲಿ ನೆಲಕ್ಕೆ ನಂಬರು ಇಲ್ಲದಿದ್ದರೆ ಆಚೆ ಮೇಜಿನಲ್ಲಿ ಅರ್ಜಿ ಮುಂದೆ ಸಾಗುವುದಿಲ್ಲ. ಕರ್ನಾಟಕದಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಹೋದವರನ್ನು ಈಗ ಮೊದಲು ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ ಕೇಳುವಂತೆಯೇ ಇದು.

ನಮ್ಮ ನೆಲಕ್ಕೆ ನಂಬರು ಇತ್ತು, ಆದರೆ ಅದು ಹಿಂದಿನ ಮಾಲೀಕರ ಇಡೀ ಜಮೀನಿನದು. ನಾವು ಕೊಂಡದ್ದು ಅದರ ಒಂದು ಭಾಗವಾದ್ದರಿಂದ ದಾಖಲೆಯನ್ನು ಒಡೆದು ನಮ್ಮ ಹೆಸರಿಗೆ ಬೇರೆ ಫಾರ್ಮ್ ನಂಬರು, ಬೇರೆ ಟ್ರ್ಯಾಕ್ಟ್ ನಂಬರು ಮಾಡಬೇಕಾಯಿತು. ನಮ್ಮ ಕಡೆಯ ಪೋಡಿ ಎಂದರೆ ಕನ್ನಡ ಓದುಗರಿಗೆ ತಕ್ಷಣ ಅರ್ಥವಾದೀತು. ಕ್ರಯಪತ್ರ, ಗುರುತಿನ ಚೀಟಿ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಬ್ಯಾಂಕಿನ ವಿವರ, ಗುತ್ತಿಗೆ ಪತ್ರ ಇಷ್ಟನ್ನೂ ಒಯ್ದಿದ್ದೆ. ಗುಮಾಸ್ತೆಯಾಗಿದ್ದ ಹೆಂಗಸು ಆಕಾಶದಿಂದ ತೆಗೆದ ಚಿತ್ರದ ಮೇಲೆ ನಮ್ಮ ಹೊಲಗಳ ಗಡಿಗೆರೆ ತೋರಿಸಿ, ಇದು ಇಷ್ಟು ಎಕರೆ, ಇದು ಇಷ್ಟು ಎಂದು ದಶಾಂಶದವರೆಗೆ ಓದಿದರು. ಆಮೇಲೆ ಸಹಿ ಹಾಕಲು ಎರಡು ಮುಖ್ಯ ನಮೂನೆಗಳು. ಒಂದರಲ್ಲಿ, ಆಗಿನ ನಿಯಮದಂತೆ, ನಮ್ಮ ಸರಾಸರಿ ವಾರ್ಷಿಕ ಆದಾಯ 9 ಲಕ್ಷ ಡಾಲರ್ ಮೀರಿಲ್ಲ ಎಂಬ ಹೇಳಿಕೆ. ಇನ್ನೊಂದು ಎಡಿ–1026. ಸವಕಳಿಗೆ ಸುಲಭವಾಗಿ ತುತ್ತಾಗುವ ನೆಲವನ್ನು ಒಪ್ಪಿಗೆಯಾದ ಕ್ರಮದಲ್ಲೇ ಉಳುತ್ತೇವೆ, ಜೌಗು ನೆಲವನ್ನು ಬತ್ತಿಸಿ ಬೆಳೆ ಹಾಕುವುದಿಲ್ಲ ಎಂಬ ಮುಚ್ಚಳಿಕೆ ಅದು. 1985ರ ಆಹಾರ ಭದ್ರತಾ ಕಾಯ್ದೆಯಿಂದ ಬಂದ ಈ ನಿಯಮವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಸರ್ಕಾರದ ಹಣ ಬೇಕೆಂದರೆ ಮಣ್ಣನ್ನು ಕಾಯಬೇಕು ಎಂಬ ಷರತ್ತನ್ನು ಇಷ್ಟು ಸ್ಪಷ್ಟವಾಗಿ ಒಂದು ಹಾಳೆಯಲ್ಲಿ ಬರೆದಿರುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಎನ್‌ಆರ್‌ಸಿಎಸ್ ಮೇಜಿನಲ್ಲಿದ್ದ ಯುವಕ ನನ್ನ ಪಟ್ಟಿಯನ್ನು ಪಕ್ಕಕ್ಕಿಟ್ಟು, ನೆಲದಲ್ಲಿ ಏನಾಗುತ್ತಿದೆ ಎಂದು ಕೇಳಿದ. ನಾನು ಹೇಳಿದೆ. ಮುಂದಿನ ಮಂಗಳವಾರ ಬರುತ್ತೇನೆ ಎಂದ.

ಆ ಮಂಗಳವಾರವನ್ನು ನಾನು ಮರೆತಿಲ್ಲ. ಆತನ ಕೈಯಲ್ಲಿ ಎದೆಯೆತ್ತರದ ಒಂದು ಉಕ್ಕಿನ ಕೊಳವೆ ಇತ್ತು, ತುದಿಯಲ್ಲಿ ಒಂದು ಪಕ್ಕ ಸೀಳಿದ್ದು. ಕೊರಕಲಿನ ಬಳಿಗೆ ಹೋಗುವ ಬದಲು ಆತ ನೇರವಾಗಿ ದಿಣ್ಣೆಯ ನೆತ್ತಿಗೆ ಹತ್ತಿದ. ಅಲ್ಲಿ ಕೊಳವೆಯನ್ನು ನೆಲಕ್ಕೆ ಒತ್ತಿ, ತಿರುಗಿಸಿ, ಮೇಲೆಳೆದು, ಸೀಳಿನಲ್ಲಿ ನಿಂತ ಮಣ್ಣನ್ನು ನನ್ನ ಮುಂದೆ ಹಿಡಿದ. ನೆತ್ತಿಯಲ್ಲಿ ಏಳು ಇಂಚು ಮೇಲ್ಮಣ್ಣು. ಅಲ್ಲಿಂದ ಇಳಿಜಾರು ಬಾಗುವ ಭುಜದಲ್ಲಿ ಮೂರೇ ಇಂಚು, ಅದರ ಕೆಳಗೆ ನೇರ ಹಳದಿ ಮಣ್ಣು. ಇಳಿಜಾರಿನ ಬುಡದಲ್ಲಿ ಕೊಳವೆ ಸುಲಭವಾಗಿ ಇಳಿಯಿತು. ಹದಿನಾಲ್ಕು ಇಂಚಾದರೂ ಕಂದು ಬಣ್ಣ ಮುಗಿಯಲಿಲ್ಲ. ಮೇಲಿನದೆಲ್ಲ ಇಲ್ಲಿ ಬಂದು ಕುಳಿತಿದೆ, ಇನ್ನೂ ಎಷ್ಟೋ ತೊರೆ ಸೇರಿದೆ ಎಂದ. ಮಣ್ಣನ್ನು ನನ್ನ ಅಂಗೈಗೆ ಹಾಕಿ ತಿಕ್ಕಲು ಹೇಳಿದ. ಮರಳಿನ ಗರಸು ಇಲ್ಲ, ಜೇಡಿಯ ಅಂಟಿಲ್ಲ, ಮೈದಾಹಿಟ್ಟನ್ನು ತಿಕ್ಕಿದ ಹಾಗೆ. ಆಮೇಲೆ ಇಳಿಜಾರಿನ ಓರೆ ಅಳೆಯುವ ಸಣ್ಣ ಉಪಕರಣವನ್ನು ಕಣ್ಣಿಗೆ ಹಿಡಿದು ನೋಡಿ ಶೇಕಡಾ ಹದಿಮೂರು ಎಂದು ಬರೆದುಕೊಂಡ. ಮೇಲಿನ ಹೊಲದ ಸಾಲುಗಳು ಇಳಿಜಾರಿಗೆ ಅಡ್ಡವಾಗಿರುವ ಬದಲು ಓರೆಯಾಗಿ ಒಂದೇ ತಗ್ಗಿಗೆ ನೀರನ್ನು ಕೊಂಡೊಯ್ಯುತ್ತಿರುವುದನ್ನು ಬೆರಳಿಟ್ಟು ತೋರಿಸಿದ. ಕೊರಕಲನ್ನು ಆತ ನೋಡಿದ್ದು ಎಲ್ಲಕ್ಕಿಂತ ಕೊನೆಗೆ.

ಒಂದೂವರೆ ಗಂಟೆಯ ಆ ನಡಿಗೆಗೆ ನಾವು ಒಂದು ಡಾಲರನ್ನೂ ಕೊಡಲಿಲ್ಲ. ಅರ್ಜಿ ಹಾಕಲೇಬೇಕೆಂಬ ಒತ್ತಾಯವೂ ಇರಲಿಲ್ಲ. ಈ ಸಲಹೆ ಮತ್ತು ಅದರಿಂದ ಹುಟ್ಟುವ ಸಂರಕ್ಷಣಾ ಯೋಜನೆ ನೆಲವಿರುವ ಯಾರಿಗಾದರೂ ಉಚಿತ. ಹಣದ ಯೋಜನೆಗಳು ಅದರ ನಂತರ ಬರುತ್ತವೆ. ಇಲ್ಲಿ ನೆಲ ಕೊಂಡ ನಮ್ಮವರು ಯಾರಾದರೂ ಎಲ್ಲಿಂದ ಶುರುಮಾಡಬೇಕೆಂದು ಕೇಳಿದರೆ ನಾನು ಹೇಳುವುದು, ಯೋಜನೆಯ ಹೆಸರನ್ನು ಹುಡುಕುವ ಮೊದಲು ನೆಲ ನೋಡಲು ಬರುವವರನ್ನು ಕರೆಸಿಕೊಳ್ಳಿ ಎಂದು. ತೊಂದರೆ ಏನೆಂಬುದು ಹಾಳೆಯ ಮೇಲೆ ಬಂದರೆ ಅದಕ್ಕೆ ಹೊಂದುವ ಯೋಜನೆಯನ್ನು ಅವರೇ ತೆಗೆದು ತೋರಿಸುತ್ತಾರೆ. ನಮ್ಮ ವಿಷಯದಲ್ಲಿ ಅದು ಈಕ್ವಿಪ್ ಆಯಿತು, ರೈತರು ತಮ್ಮ ನೆಲದಲ್ಲಿ ಮಾಡುವ ಸಂರಕ್ಷಣಾ ಕೆಲಸದ ವೆಚ್ಚದಲ್ಲಿ ಒಂದು ಪಾಲು ಕೊಡುವ ಯೋಜನೆ. ಕೊರಕಲಿನ ಜಾಗದಲ್ಲಿ ಹುಲ್ಲು ಹಾಸಿದ ಅಗಲ ಕಾಲುವೆ, ಅವರ ಕೈಪಿಡಿಯಲ್ಲಿ ಅದರ ಸಂಖ್ಯೆ 412. ಮೇಲಿನ ಹೊಲಕ್ಕೆ ಚಳಿಗಾಲದ ಹೊದಿಕೆ ಬೆಳೆ, ಸಂಖ್ಯೆ 340. ಹುಲ್ಲುಗಾವಲನ್ನು ತುಂಡು ಮಾಡಿ ಮೇಯಿಸಲು ಬೇಲಿ, ಸಂಖ್ಯೆ 382.

ಬೇಲಿಯ ವಿಷಯದಲ್ಲಿ ನಾವು ತಪ್ಪು ಮಾಡಿದೆವು. ಅರ್ಜಿ ಕೊಟ್ಟು ಚಳಿಗಾಲ ಕಳೆದಿತ್ತು, ಮಣಕಗಳನ್ನು ತರುವುದು ನಿಶ್ಚಯವಾಗಿತ್ತು, ಒಬ್ಬರು ಒಳ್ಳೆಯ ಕಂಬಗಳನ್ನು ಕಡಿಮೆ ಬೆಲೆಗೆ ಮಾರುತ್ತಿದ್ದರು. ಹೇಗಿದ್ದರೂ ಮಾಡಲೇಬೇಕಾದ ಕೆಲಸವಲ್ಲವೇ ಎಂದು 2022ರ ಏಪ್ರಿಲ್‌ನಲ್ಲಿ ಬೇಲಿ ಹಾಕಿಸಿದೆವು. ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಶುರುಮಾಡಿದ ಕೆಲಸಕ್ಕೆ ಈಕ್ವಿಪ್ ಹಣ ಕೊಡುವುದಿಲ್ಲ. ತುರ್ತು ಇದ್ದರೆ ಮುಂಚಿತವಾಗಿ ಲಿಖಿತ ಅನುಮತಿ ಕೇಳಬಹುದು, ನಾವು ಕೇಳಿರಲಿಲ್ಲ. ನಿಯಮವನ್ನು ನನಗೆ ಕೊಟ್ಟಿದ್ದ ಹಾಳೆಯಲ್ಲಿ ಅಚ್ಚು ಹಾಕಿಯೇ ಇದ್ದರು. ಬೇಲಿಯ ಖರ್ಚು ಪೂರ್ತಿ ನಮ್ಮ ಕೈಯಿಂದ ಹೋಯಿತು. ಹಣಕ್ಕಿಂತ ನನ್ನನ್ನು ಕಾಡಿದ್ದು ಬೇರೆ: ಬೇಲಿಯ ಒಂದು ಸಾಲು ಇಳಿಜಾರಿನ ನೇರಕ್ಕೆ ಬಿದ್ದಿತ್ತು, ಆ ಗುಂಟ ದನ ನಡೆದು ಒಂದೇ ಬೇಸಿಗೆಯಲ್ಲಿ ಹೊಸ ಜಾಡು ಕೊರೆಯತೊಡಗಿತು. ಯೋಜನೆಯ ನಕ್ಷೆಗೆ ಕಾದಿದ್ದರೆ ಅದು ಅಡ್ಡಕ್ಕೆ ಬೀಳುತ್ತಿತ್ತು.

ಆ ಬೇಸಿಗೆಯಲ್ಲೇ ನಾವು ಪಕ್ಕದ ವರ್ನನ್ ಕೌಂಟಿಯ ಕೂನ್ ವ್ಯಾಲಿಗೆ ಹೋಗಿ ಬಂದೆವು. ಈ ಕಚೇರಿಗಳೆಲ್ಲ ಏಕೆ ಹುಟ್ಟಿದವೆಂದು ತಿಳಿಯಬೇಕಾದರೆ ಅಲ್ಲಿಗೆ ಹೋಗಬೇಕು. 1933ರಲ್ಲಿ, ಆಗಷ್ಟೇ ಹುಟ್ಟಿದ ಮಣ್ಣು ಸವಕಳಿ ಸೇವೆ ಎಂಬ ಸರ್ಕಾರಿ ಸಂಸ್ಥೆ, ದೇಶದ ಮೊದಲ ಜಲಾನಯನ ಪ್ರಾತ್ಯಕ್ಷಿಕೆಗೆ ಆರಿಸಿಕೊಂಡ ಕಣಿವೆ ಅದು. ಆ ಸೇವೆಯ ಮುಖ್ಯಸ್ಥ ಹ್ಯೂ ಹ್ಯಾಮಂಡ್ ಬೆನೆಟ್, ಮಣ್ಣಿನ ಸವಕಳಿಯನ್ನು ದೇಶದ ಅಪಾಯವೆಂದು ವರ್ಷಗಟ್ಟಲೆ ಹೇಳುತ್ತ ಬಂದವರು. ಸುಮಾರು 90,000 ಎಕರೆಯ ಆ ಜಲಾನಯನದಲ್ಲಿ ಆಗ ಪ್ರತಿ ದೊಡ್ಡ ಮಳೆಗೂ ದಿಣ್ಣೆಯ ಮಣ್ಣು ಇಳಿದು ರಸ್ತೆ, ಸೇತುವೆ, ತಗ್ಗಿನ ಹೊಲಗಳನ್ನು ಮುಚ್ಚುತ್ತಿತ್ತು. ಅಲ್ಲಿನ ಅರ್ಧದಷ್ಟು ರೈತರು ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಸರ್ಕಾರ ಬೀಜ, ಸುಣ್ಣ, ಬೇಲಿಯ ತಂತಿ ಮತ್ತು ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು ಕಟ್ಟಿದ್ದ ನಾಗರಿಕ ಸಂರಕ್ಷಣಾ ಪಡೆಯ ದುಡಿಮೆಯನ್ನು ಕೊಟ್ಟಿತು. ರೈತರು ಸಮಪಾತಳಿಯಲ್ಲಿ ಮೆಕ್ಕೆಜೋಳ, ಧಾನ್ಯ, ಕುದುರೆಮೆಂತೆಯ ಪಟ್ಟೆಗಳನ್ನು ಹಾಕಿದರು, ಕಡಿದಾದ ಕಾಡಿನಿಂದ ದನಗಳನ್ನು ಹೊರಗಿಟ್ಟರು. 1935ರ ಏಪ್ರಿಲ್ 27ರಂದು ಮಣ್ಣು ಸಂರಕ್ಷಣಾ ಕಾಯ್ದೆ ಬಂದು ಆ ಸೇವೆ ಕಾಯಂ ಆಯಿತು. 1994ರಲ್ಲಿ ಅದಕ್ಕೆ ಈಗಿನ ಎನ್‌ಆರ್‌ಸಿಎಸ್ ಹೆಸರು. ದಶಕಗಳ ನಂತರ ಭೂಗೋಳ ವಿಜ್ಞಾನಿ ಸ್ಟ್ಯಾನ್ಲಿ ಟ್ರಿಂಬಲ್ ಅದೇ ಕಣಿವೆಯ ಹೂಳನ್ನು ಅಳೆದು, 1930ರ ದಶಕಕ್ಕೆ ಹೋಲಿಸಿದರೆ ಅದು ಬಹಳ ಇಳಿದಿದೆ ಎಂದು ತೋರಿಸಿದರು.

ರಸ್ತೆಯ ಮೇಲಿಂದ ನೋಡಿದರೆ ಆ ಪಟ್ಟೆಗಳು ಈಗಲೂ ದಿಣ್ಣೆಯನ್ನು ಸುತ್ತಿಕೊಂಡು ಹಸಿರು, ಕಂದು, ಹಸಿರು ಎಂದು ಬಾಗುತ್ತ ಹೋಗುತ್ತವೆ. ಆದರೆ ಅದೇ ನಾಡಿನಲ್ಲಿ 2018ರ ಆಗಸ್ಟ್‌ನ ಮಹಾಮಳೆಗೆ ಐದು ಒಡ್ಡುಗಳು ಒಡೆದವು. ಹಳೆಯ ಕೆಲಸ ಮುಗಿದ ಕೆಲಸವಲ್ಲವೆಂದು ಅಲ್ಲಿಯ ರೈತರು ಮತ್ತೆ ಸಭೆ ಸೇರುತ್ತಿದ್ದಾರೆ.

ಇನ್ನೊಂದು ಇತಿಹಾಸವನ್ನೂ ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಎಫ್‌ಎಸ್‌ಎ ಕಚೇರಿಯ ಮೇಲೆ ಆಯಾ ಕೌಂಟಿಯ ರೈತರೇ ಆರಿಸಿದ ಸಮಿತಿ ಇರುತ್ತದೆ, ಮೂರರಿಂದ ಹನ್ನೊಂದು ಸದಸ್ಯರು. ಸ್ಥಳೀಯರ ಕೈಯಲ್ಲಿ ನಿರ್ಧಾರ ಇರುವುದು ಒಳ್ಳೆಯದೇ, ಆದರೆ ಆ ಕೈಗಳು ಯಾರವು ಎಂಬ ಪ್ರಶ್ನೆಯೂ ಅಷ್ಟೇ ದೊಡ್ಡದು. ಸಾಲ ಮತ್ತು ನೆರವಿನಲ್ಲಿ ಕಪ್ಪುಜನಾಂಗದ ರೈತರಿಗೆ ದಶಕಗಳ ಕಾಲ ಭೇದಭಾವ ಮಾಡಲಾಯಿತೆಂದು ಹೂಡಿದ ಪಿಗ್‌ಫರ್ಡ್ ಮೊಕದ್ದಮೆ 1999ರಲ್ಲಿ ಇತ್ಯರ್ಥವಾಯಿತು. ಅದರಲ್ಲಿ ಬಿಟ್ಟುಹೋದವರ ಅರ್ಜಿಗಳಿಗಾಗಿ 2010ರಲ್ಲಿ ಮತ್ತೆ 125 ಕೋಟಿ ಡಾಲರ್ ಇತ್ಯರ್ಥವಾಗಬೇಕಾಯಿತು. ಕಳೆದುಕೊಂಡ ಜಮೀನು ಹಣದಿಂದ ಮರಳಿ ಬರಲಿಲ್ಲ. ನನ್ನಂಥ ಕಂದು ಬಣ್ಣದವಳು ಆ ಬಾಗಿಲನ್ನು ತಳ್ಳಿ ಒಳಗೆ ಹೋಗುವಾಗ ಇದು ಮನಸ್ಸಿನಲ್ಲಿ ಇರುತ್ತದೆ. ನನ್ನನ್ನು ಚೆನ್ನಾಗಿಯೇ ಮಾತಾಡಿಸಿದರು, ಅದನ್ನು ಕೃತಜ್ಞತೆಯಿಂದ ಹೇಳುತ್ತೇನೆ. ಆದರೂ ಪ್ರತಿ ಭೇಟಿಗೆ ರಸೀದಿ ಪಡೆಯುತ್ತೇನೆ. ಏನು ಕೇಳಿದೆವು, ಅವರು ಏನು ಕೊಟ್ಟರು ಅಥವಾ ಕೊಡಲಾಗುವುದಿಲ್ಲ ಎಂದರು ಎಂಬುದನ್ನು ದಿನಾಂಕದೊಂದಿಗೆ ಬರೆದ ಸೇವಾ ರಸೀದಿ ಅದು. ಅದನ್ನು ಪಡೆಯುವುದು ಕಾನೂನು ಕೊಟ್ಟ ಹಕ್ಕು. ಹೊಸಬರು ಅದನ್ನು ಬಿಡಬಾರದು. ಸಮಿತಿಯ ಚುನಾವಣೆಯ ಮತಪತ್ರ ನವೆಂಬರ್‌ನಲ್ಲಿ ಅಂಚೆಯಲ್ಲಿ ಬರುತ್ತದೆ, ಅದನ್ನೂ ಬಿಡಬಾರದು.

ಈಕ್ವಿಪ್ ಅರ್ಜಿಯನ್ನು ವರ್ಷದ ಯಾವ ದಿನ ಬೇಕಾದರೂ ಕೊಡಬಹುದು. ಆದರೆ ರಾಜ್ಯವು ಗೊತ್ತುಮಾಡಿದ ದಿನಾಂಕದವರೆಗೆ ಬಂದವುಗಳಿಗೆ ಅಂಕ ಹಾಕಿ, ಅಂಕದ ಕ್ರಮದಲ್ಲಿ ಹಣ ಇರುವವರೆಗೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಮೊದಲ ಸಲ ನಮ್ಮದು ಸಿಗಲಿಲ್ಲ. ಅರ್ಜಿಯನ್ನು ಹಾಗೆಯೇ ಮುಂದಿನ ಸುತ್ತಿಗೆ ಉಳಿಸಿಕೊಳ್ಳಲು ಹೇಳಿದೆವು, 2023ರಲ್ಲಿ ಸಿಕ್ಕಿತು. ಸಾಮಾನ್ಯ ರೈತರಿಗೆ ಅಂದಾಜು ವೆಚ್ಚದ ಶೇಕಡಾ 75ರವರೆಗೆ ಕೊಡುತ್ತಾರೆ. ಬೇಸಾಯ ಶುರುಮಾಡಿ ಹತ್ತು ವರ್ಷ ಮೀರದವರನ್ನು ಹೊಸ ರೈತರೆಂದು ಎಣಿಸಿ ಶೇಕಡಾ 90ರವರೆಗೂ ಕೊಡಬಹುದು, ಅದರ ಅರ್ಧವನ್ನು ಮುಂಗಡವಾಗಿಯೂ ಕೇಳಬಹುದು. ಈ ಮುಂಗಡ ಇಲ್ಲದಿದ್ದರೆ ಮಣ್ಣು ತಳ್ಳುವ ಯಂತ್ರದವರಿಗೆ ಕೊಡಲು ನಮ್ಮ ಬಳಿ ಹಣವಿರಲಿಲ್ಲ. 2022ರ ಹಣದುಬ್ಬರ ಇಳಿಕೆ ಕಾಯ್ದೆಯು ಇಂಥ ಸಂರಕ್ಷಣಾ ಕೆಲಸಗಳಿಗೆ ಸುಮಾರು 1,950 ಕೋಟಿ ಡಾಲರ್ ಹೆಚ್ಚುವರಿ ಹಣ ಇಟ್ಟಿತ್ತು. ಆ ಕಾಯ್ದೆಯ ಹಣದಲ್ಲಿ ಒಪ್ಪಂದ ಮಾಡಿಕೊಂಡಿದ್ದ ಪರಿಚಿತರೊಬ್ಬರಿಗೆ 2025ರ ಆರಂಭದಲ್ಲಿ ಪಾವತಿ ತಡೆಹಿಡಿದದ್ದರಿಂದ, ಕೆಲಸ ಮುಗಿಸಿ ಸಾಲ ತಲೆಯ ಮೇಲೆ ಹೊತ್ತು ವಾರಗಟ್ಟಲೆ ಕಾಯಬೇಕಾಯಿತು. ಸಹಿ ಮಾಡಿದ ಒಪ್ಪಂದವನ್ನು ನಂಬಿ ರೈತ ತನ್ನ ಹಣ ಹಾಕಿದ ಮೇಲೆ ಹೀಗೆ ಮಾಡುವುದು ಅನ್ಯಾಯ. ಅದೇ ವರ್ಷ ಸಿಬ್ಬಂದಿಯೂ ಕಡಿಮೆಯಾದರು. ಕೊಳವೆ ಹಿಡಿದು ದಿಣ್ಣೆ ಹತ್ತುವ ಮನುಷ್ಯನೇ ಇಲ್ಲದಿದ್ದರೆ ಬೊಕ್ಕಸದಲ್ಲಿ ಎಷ್ಟು ಹಣವಿದ್ದರೂ ನಮ್ಮ ಹೊಲದವರೆಗೆ ಅದು ಬರುವುದಿಲ್ಲ.

ಕೇಂದ್ರ ಸರ್ಕಾರದ ಕಚೇರಿಗಳಲ್ಲೇ ಎಲ್ಲ ಮುಗಿಯುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ವಿಸ್ಕಾನ್ಸಿನ್‌ನ 72 ಕೌಂಟಿಗಳಲ್ಲೂ ಕೌಂಟಿಯದೇ ಆದ ನೆಲ ಸಂರಕ್ಷಣಾ ಸಮಿತಿ ಮತ್ತು ಸಿಬ್ಬಂದಿ ಇದ್ದಾರೆ. ಕೃಷಿಭೂಮಿ ಉಳಿಸಿಕೊಂಡವರಿಗೆ ರಾಜ್ಯ ಕೊಡುವ ತೆರಿಗೆ ರಿಯಾಯಿತಿಗೆ ಅವರ ಬಳಿಗೇ ಹೋಗಬೇಕು. ಕಾಡಿನ ವಿಷಯಕ್ಕೆ ಇನ್ನೊಂದು ದಾರಿ: ಇಪ್ಪತ್ತು ಎಕರೆಗೆ ಕಡಿಮೆ ಇಲ್ಲದ ಕಾಡನ್ನು ರಾಜ್ಯದ ನಿರ್ವಹಿತ ಅರಣ್ಯ ಕಾನೂನಿನಡಿ 25 ಅಥವಾ 50 ವರ್ಷಕ್ಕೆ ಸೇರಿಸಿದರೆ ಆಸ್ತಿ ತೆರಿಗೆ ಬಹಳ ಇಳಿಯುತ್ತದೆ. ನಾವು 25 ಆರಿಸಿಕೊಂಡೆವು. ಉಳುವ ನೆಲವನ್ನು ಹತ್ತರಿಂದ ಹದಿನೈದು ವರ್ಷ ಹುಲ್ಲಿಗೆ ಬಿಟ್ಟು ಬಾಡಿಗೆ ಪಡೆಯುವ ಸಿಆರ್‌ಪಿಗೆ ಮೊದಲ ವರ್ಷ ನಾವು ಅರ್ಹರಾಗಿರಲಿಲ್ಲ, ಏಕೆಂದರೆ ನೆಲ ನಮ್ಮ ಕೈಗೆ ಬಂದು ಹನ್ನೆರಡು ತಿಂಗಳು ಆಗಿರಬೇಕು. ಆಮೇಲೆ ಯೋಚಿಸಿ ಬೇಡವೆಂದೆವು. ಪಕ್ಕದ ಹೈನುಗಾರರಿಗೆ ಆ ಮೇವು ಬೇಕಿತ್ತು.

ಕಾಲುವೆಯ ಕೆಲಸ 2023ರ ಆಗಸ್ಟ್ ಕೊನೆಯಲ್ಲಿ ಎರಡೇ ದಿನದಲ್ಲಿ ಮುಗಿಯಿತು. ಕೊರಕಲಿನ ಗೋಡೆಗಳನ್ನು ಮುರಿದು, ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು, ಮೂವತ್ತು ಅಡಿ ಅಗಲದ ತಟ್ಟೆಯಂಥ ತಗ್ಗನ್ನು ಮಾಡಿ, ಮೇಲ್ಮಣ್ಣನ್ನು ಮತ್ತೆ ಹರಡಿದರು. ಬ್ರೋಮ್ ಹುಲ್ಲಿನ ಬೀಜದ ಜೊತೆ ಬೇಗ ಹುಟ್ಟಿ ನೆರಳು ಕೊಡಲೆಂದು ಓಟ್ಸ್ ಬಿತ್ತಿ ಒಣಹುಲ್ಲು ಮುಚ್ಚಿದೆವು. ಯುವಕ ಬಂದು ಪಟ್ಟಿ ಹಿಡಿದು ಅಗಲ ಅಳೆದ, ಆಳ ಅಳೆದ, ಒಂದು ಕಡೆ ಎರಡು ಇಂಚು ಕಡಿಮೆ ಇದ್ದದ್ದನ್ನು ಸರಿಮಾಡಿಸಿದ ಮೇಲೆಯೇ ಪ್ರಮಾಣಪತ್ರಕ್ಕೆ ಸಹಿ ಹಾಕಿದ. ಹತ್ತು ವರ್ಷ ಅದನ್ನು ಉಳದೆ, ಗಾಡಿಯ ದಾರಿ ಮಾಡದೆ ಕಾಪಾಡುವುದು ನಮ್ಮ ಹೊಣೆ. ಆ ಹೊಸ ಹುಲ್ಲಿನ ಚಿತ್ರ ಕಂಡ ಅಪ್ಪ, ಅಂಚಿಗೆ ಲಾವಂಚ ಹಾಕಬಾರದೇ ಎಂದು ಕೇಳಿದರು. ಇಲ್ಲಿನ ಚಳಿಗೆ ಅದು ಉಳಿಯುವುದಿಲ್ಲ ಎಂದಾಗ ಅವರಿಗೆ ನಿಜಕ್ಕೂ ಬೇಸರವಾಯಿತು.

ಮರುವರ್ಷ ಜುಲೈ 15ರ ಗಡುವಿನೊಳಗೆ ಬೆಳೆ ವಿಸ್ತೀರ್ಣದ ವರದಿ ಕೊಡಲು ಮತ್ತೆ ಎಫ್‌ಎಸ್‌ಎ ಮೇಜಿನ ಮುಂದೆ ಕುಳಿತಿದ್ದೆ. ಗುಮಾಸ್ತೆ ಹೊಸ ನಕ್ಷೆಯನ್ನು ನನ್ನ ಕಡೆ ತಿರುಗಿಸಿದರು. ಮೆಕ್ಕೆಜೋಳದ ಹೊಲದ ನಡುವೆ ಉದ್ದನೆಯ ಒಂದು ಪಟ್ಟಿಗೆ ಬೇರೆ ಗೆರೆ ಎಳೆದಿತ್ತು. ಇದರಲ್ಲಿ ಏನಿದೆ ಎಂದು ಅವರು ಕೇಳಿದರು. ಹುಲ್ಲು ಎಂದೆ. 0.9 ಎಕರೆ, ಹುಲ್ಲು ಎಂದು ಬರೆದುಕೊಂಡು ಅವರು ಮುಂದಿನ ಹೊಲಕ್ಕೆ ಹೋದರು.